ಮೇಲ್‌ಮ್ಯಾನ್ 3: ಒಳ್ಳೆಯ ಸಾಫ್ಟ್‌ವೇರ್, ಆದರೆ ಮೊದಲ ದಿನವೇ ಈ ಸೆಟ್ಟಿಂಗ್ ಬದಲಿಸಿ

ಸಂಘ, ಹಳೆ ವಿದ್ಯಾರ್ಥಿಗಳ ಬಳಗ, ಸಂಶೋಧನಾ ಗುಂಪುಗಳ ಮೇಲಿಂಗ್ ಲಿಸ್ಟ್ (ಒಂದೇ ವಿಳಾಸಕ್ಕೆ ಬರೆದರೆ ಎಲ್ಲ ಸದಸ್ಯರಿಗೂ ಹೋಗುವ ಇಮೇಲ್ ಗುಂಪು) ನಡೆಸಲು ಗ್ನೂ ಮೇಲ್‌ಮ್ಯಾನ್ 3 ಅನ್ನು ಧೈರ್ಯವಾಗಿ ಆರಿಸಬಹುದು. ಉಚಿತ, ಸ್ವಂತ ಸರ್ವರ್‌ನಲ್ಲಿ ಪತ್ರ ಸಾಗಿಸುವ ಪೋಸ್ಟ್‌ಫಿಕ್ಸ್ ಸಾಫ್ಟ್‌ವೇರ್ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಆದರೆ ಡಿಫಾಲ್ಟ್ ಸೆಟ್ಟಿಂಗ್‌ನಲ್ಲೇ ಬಿಟ್ಟರೆ, ಸರಿಯಾದ ವಿಳಾಸ ಇರುವ ಜಿಮೇಲ್ ಸದಸ್ಯರೂ ಲಿಸ್ಟ್‌ನಿಂದ ಉದುರಿಹೋಗುತ್ತಾರೆ.

ಇದಕ್ಕೆ ಕಾರಣ ಡಿಮಾರ್ಕ್: ಕಳಿಸಿದವರ ವಿಳಾಸ ಅಸಲಿಯೆಂದು ಸಾಬೀತಾಗದ ಪತ್ರವನ್ನು ಏನು ಮಾಡಬೇಕೆಂದು ಡೊಮೇನ್ ಮಾಲೀಕರು ಹೇಳುವ ನಿಯಮ. ಯಾಹೂ ತನ್ನ ಡೊಮೇನ್‌ಗೆ ಡಿಮಾರ್ಕ್ 'ರಿಜೆಕ್ಟ್' (ತಿರಸ್ಕರಿಸಿ) ನೀತಿ ಹಾಕಿದ್ದು 2014ರ ಏಪ್ರಿಲ್‌ನಲ್ಲಿ. ಅದೇ ತಿಂಗಳು ಇನ್ನೊಂದು ಇಮೇಲ್ ಸೇವೆಯಾದ ಎಒಎಲ್ ಕೂಡ ಹಾಕಿತು. ಯಾಹೂ ಸದಸ್ಯರೊಬ್ಬರು ಲಿಸ್ಟ್‌ಗೆ ಬರೆದರೆ ಮೇಲ್‌ಮ್ಯಾನ್ ಸಬ್ಜೆಕ್ಟ್‌ಗೆ ಲಿಸ್ಟ್ ಹೆಸರನ್ನೂ ಕೊನೆಗೆ ಫುಟರ್ ಅನ್ನೂ ಸೇರಿಸುತ್ತದೆ. ಆಗ ಯಾಹೂ ಹಾಕಿದ್ದ ಡಿಕಿಮ್ ಸಹಿ (ಪತ್ರ ಬದಲಾಗಿಲ್ಲ ಎನ್ನುವ ಡಿಜಿಟಲ್ ಮುದ್ರೆ) ಮುರಿಯುತ್ತದೆ. ಕಳಿಸುತ್ತಿರುವುದು ನಮ್ಮ ಸರ್ವರ್ ಆದ್ದರಿಂದ ಎಸ್‌ಪಿಎಫ್ (ಡೊಮೇನ್ ಪರವಾಗಿ ಯಾವ ಸರ್ವರ್ ಪತ್ರ ಕಳಿಸಬಹುದೆಂಬ ಪಟ್ಟಿ) ಕೂಡ ಯಾಹೂ ಡೊಮೇನ್‌ಗೆ ತಾಳೆಯಾಗುವುದಿಲ್ಲ. ಹಾಗಾಗಿ ಜಿಮೇಲ್ 550 5.7.26 ಎಂಬ ದೋಷದ ಕೋಡ್ ಕೊಟ್ಟು ಪತ್ರವನ್ನು ತಿರಸ್ಕರಿಸುತ್ತದೆ.

ಅನ್ಯಾಯ ಆಗುವುದು ಇಲ್ಲಿ. 'ಇಂಥ ವಿಳಾಸವೇ ಇಲ್ಲ' ಎನ್ನುವ 5.1.1ನ್ನೂ ನೀತಿಯ ಕಾರಣದ ಈ ತಿರಸ್ಕಾರವನ್ನೂ ಮೇಲ್‌ಮ್ಯಾನ್ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಪತ್ರ ಬೌನ್ಸ್ ಆದ (ತಲುಪದೆ ವಾಪಸ್ ಬಂದ) ಸದಸ್ಯರಿಗೆ ದಿನಕ್ಕೆ ಹೆಚ್ಚೆಂದರೆ 1 ಅಂಕ. 5 ಆದೊಡನೆ ಮೇಲ್ ನಿಲ್ಲುತ್ತದೆ. ಅಂಕ ಅಳಿಯಬೇಕಾದರೆ 7 ದಿನ ಬೌನ್ಸ್ ಇಲ್ಲದೆ ಕಳೆಯಬೇಕು. ಚರ್ಚೆ ಬಿಸಿಯಾಗಿರುವಾಗ ಯಾಹೂ ಸದಸ್ಯರು ಐದು ದಿನ ಬರೆದರೆ ಸಾಕು, ಜಿಮೇಲ್ ಸದಸ್ಯರು ಒಟ್ಟಿಗೇ ನಿಂತುಹೋಗುತ್ತಾರೆ. ಆಮೇಲೆ 7 ದಿನಕ್ಕೊಂದರಂತೆ 3 ಎಚ್ಚರಿಕೆ ಹೋಗಿ ಸದಸ್ಯತ್ವವೇ ರದ್ದಾಗುತ್ತದೆ. ಅಡ್ಮಿನ್ ಕೈಯಲ್ಲಿರುವುದು ಆ ಮೂರು ವಾರ.

ಪರಿಹಾರ ಸಾಫ್ಟ್‌ವೇರ್‌ನಲ್ಲೇ ಇದೆ. ಮೇಲ್‌ಮ್ಯಾನ್‌ನ ವೆಬ್ ನಿರ್ವಹಣಾ ಪುಟವಾದ ಪೋಸ್ಟೋರಿಯಸ್‌ನಲ್ಲಿ ಲಿಸ್ಟ್ ಸೆಟ್ಟಿಂಗ್ಸ್ ತೆರೆದು, ಡಿಮಾರ್ಕ್ ಮಿಟಿಗೇಷನ್ಸ್ ಪುಟದಲ್ಲಿ 'ಫ್ರಮ್' ಜಾಗಕ್ಕೆ ಲಿಸ್ಟ್ ವಿಳಾಸ ಹಾಕುವ ಆಯ್ಕೆಯನ್ನು ಒತ್ತಿ. 'ರಿಜೆಕ್ಟ್'ನಂಥ ಬಿಗಿ ನೀತಿಯ ಡೊಮೇನ್‌ನಿಂದ ಬಂದ ಪತ್ರಕ್ಕೆ ಮಾತ್ರ ಅದು ಅನ್ವಯಿಸಲಿ. ಎಲ್ಲದಕ್ಕೂ ಹಾಕಿದರೆ ಬರೆದವರ ವಿಳಾಸ ವಿನಾಕಾರಣ ಮರೆಯಾಗುತ್ತದೆ. ಇಡೀ ಪತ್ರವನ್ನು ಇನ್ನೊಂದು ಪತ್ರದೊಳಗೆ ಸುತ್ತಿ ಕಳಿಸುವ ಆಯ್ಕೆಯೂ ಇದೆ, ಆದರೆ ಮೊಬೈಲ್‌ನಲ್ಲಿ ಓದಲು ಕಷ್ಟ. ಲಿಸ್ಟ್ ಡೊಮೇನ್‌ಗೆ ನಿಮ್ಮದೇ ಡಿಕಿಮ್ ಸಹಿ ಇರಲೇಬೇಕು. ಮೇಲ್‌ಮ್ಯಾನ್ ಅದನ್ನು ಮಾಡುವುದಿಲ್ಲ, ಪೋಸ್ಟ್‌ಫಿಕ್ಸ್ ಜೊತೆ ಓಪನ್‌ಡಿಕಿಮ್ ಇಟ್ಟುಕೊಳ್ಳಿ.

ನಮಗೆ ತುಂಬ ಮೆಚ್ಚುಗೆಯಾದದ್ದು ವರ್ಪ್ ಪ್ರೋಬ್. ಕಾನ್ಫಿಗ್ ಫೈಲಿನ ಎಂಟಿಎ (ಪತ್ರ ಸಾಗಣೆ) ಭಾಗದಲ್ಲಿ ಇದನ್ನು ಆನ್ ಮಾಡಿದರೆ, ಅಂಕ 5 ಮುಟ್ಟಿದ ಸದಸ್ಯರಿಗೆ ಲಿಸ್ಟ್ ತನ್ನ ವಿಳಾಸದಿಂದಲೇ ಒಂದು ಪರೀಕ್ಷಾ ಪತ್ರ ಕಳಿಸುತ್ತದೆ. ಅದೂ ವಾಪಸ್ ಬಂದರಷ್ಟೇ ಮೇಲ್ ನಿಲ್ಲಿಸುತ್ತದೆ. ಡಿಮಾರ್ಕ್‌ಗೆ ಸಿಲುಕಿದ ವಿಳಾಸಕ್ಕೆ ಈ ಪತ್ರ ಸಲೀಸಾಗಿ ತಲುಪುತ್ತದೆ, ನಿಜವಾಗಿ ಸತ್ತ ವಿಳಾಸಕ್ಕೆ ತಲುಪುವುದಿಲ್ಲ. ಇಷ್ಟು ಉಪಯುಕ್ತವಾದದ್ದನ್ನು ಡಿಫಾಲ್ಟ್ ಆಗಿ ಆಫ್ ಇಟ್ಟಿರುವುದು ಸರಿಯಲ್ಲ.

ಈಗಾಗಲೇ ನಿಂತುಹೋದವರನ್ನು ಸದಸ್ಯರ ಪುಟದಲ್ಲಿ ಡೆಲಿವರಿ ಸ್ಟೇಟಸ್ ಬದಲಿಸಿ ಮತ್ತೆ ಚಾಲೂ ಮಾಡಬಹುದು. ಅದಕ್ಕೆ ಮೊದಲು ಪೋಸ್ಟ್‌ಫಿಕ್ಸ್ ಲಾಗ್‌ನಲ್ಲಿ ಕೋಡ್ ನೋಡಿ: 5.1.1 ಇದ್ದವರನ್ನು ಬಿಟ್ಟು, 5.7.26 ಇದ್ದವರನ್ನು ಮಾತ್ರ ತಿರುಗಿ ಸೇರಿಸಿ.