ಹಸಿ ಕಸಕ್ಕೆ ಮೂರು ದಾರಿ: ಮಡಕೆ, ಎರೆಹುಳು, ಬೊಕಾಶಿ

ಅಡುಗೆಮನೆಯ ಹಸಿ ಕಸವನ್ನು ಮನೆಯಲ್ಲಿಯೇ ಗೊಬ್ಬರ ಮಾಡಬೇಕೆಂದು ನಿಶ್ಚಯಿಸಿದ ಮೇಲೆ ಯಾವ ವಿಧಾನ ಹಿಡಿಯಬೇಕೆಂಬ ಪ್ರಶ್ನೆ ಏಳುತ್ತದೆ. ಪ್ರತಿ ವಿಧಾನಕ್ಕೂ ಅದನ್ನು ಮೆಚ್ಚಿಕೊಂಡವರಿದ್ದಾರೆ, ಅದರಿಂದ ಬೇಸತ್ತು ಕೈಬಿಟ್ಟವರೂ ಇದ್ದಾರೆ. ಇಬ್ಬರ ಮಾತನ್ನೂ ಕೇಳಿ ನಮಗೆ ಗೊಂದಲವೇ ಹೆಚ್ಚಾಯಿತು. ಆದ್ದರಿಂದ ನಾಲ್ಕು ಜನರಿರುವ ನಮ್ಮ ಮನೆಯಲ್ಲಿ ಗಾಳಿಯಾಡುವ ಮಡಕೆ, ಎರೆಹುಳುವಿನ ಪೆಟ್ಟಿಗೆ ಮತ್ತು ಬೊಕಾಶಿ ಎಂಬ ಮುಚ್ಚಿದ ಬಕೆಟ್, ಈ ಮೂರನ್ನೂ ಹದಿನಾಲ್ಕು ತಿಂಗಳ ಕಾಲ ಅಕ್ಕಪಕ್ಕದಲ್ಲಿಟ್ಟು ನಡೆಸಿ ನೋಡಿದೆವು. ಪ್ರತಿ ರಾತ್ರಿ ಆ ದಿನದ ಕಸವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಯಾವುದಕ್ಕೆ ಎಷ್ಟು ಹಾಕಿದೆವೆಂದು ಒಂದು ಪುಸ್ತಕದಲ್ಲಿ ಬರೆದಿಟ್ಟೆವು. ದಿನಕ್ಕೆ ಸರಾಸರಿ ಏಳುನೂರು ಗ್ರಾಂನಷ್ಟು ಕಸ ಬರುತ್ತಿತ್ತು.

ತರಕಾರಿ ಸಿಪ್ಪೆ ಎಲ್ಲಿ ಬಿದ್ದರೂ ಕೊಳೆತು ಮಣ್ಣಾಗುವುದೇ ಅಲ್ಲವೇ, ಅದಕ್ಕೆ ಇಷ್ಟು ಶ್ರಮವೇಕೆ ಎಂದು ಕೇಳುವವರಿದ್ದಾರೆ. ಕೊಳೆಯುವುದು ನಿಜ, ಆದರೆ ಹೇಗೆ ಕೊಳೆಯುತ್ತದೆ ಎಂಬುದರಲ್ಲಿಯೇ ಎಲ್ಲ ವ್ಯತ್ಯಾಸವಿದೆ. ಕಸದ ಗುಡ್ಡೆಯ ಆಳದಲ್ಲಿ ಒತ್ತಿ ಕೂತ ಸಿಪ್ಪೆಗೆ ಆಮ್ಲಜನಕ ಸಿಗುವುದಿಲ್ಲ; ಅಲ್ಲಿ ಕೆಲಸಕ್ಕಿಳಿಯುವ ಸೂಕ್ಷ್ಮಾಣುಗಳು ಮೀಥೇನ್ ಅನಿಲವನ್ನು ಹೊರಬಿಡುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 27 ಕಿಲೋ ಕಾರ್ಬನ್ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ, ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಸುಮಾರು 80 ಕಿಲೋದಷ್ಟು. ಅದೇ ಸಿಪ್ಪೆ ಗಾಳಿಯಾಡುವಲ್ಲಿ ಕೊಳೆತರೆ ಮೀಥೇನ್ ಬಹಳ ಕಡಿಮೆ, ಮಣ್ಣಿಗೆ ಗೊಬ್ಬರವೂ ದೊರೆಯುತ್ತದೆ.

ತೂಗುವ ಅಭ್ಯಾಸದಿಂದ ನಾವು ಎದುರುನೋಡದಿದ್ದ ಒಂದು ಪ್ರಯೋಜನವಾಯಿತು, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸಿಪ್ಪೆ, ತೊಟ್ಟುಗಳನ್ನು ಒಂದು ಕಡೆಗೂ ಉಳಿದು ಕೆಟ್ಟ ಬೇಯಿಸಿದ ಆಹಾರವನ್ನು ಇನ್ನೊಂದು ಕಡೆಗೂ ತೂಗುತ್ತಿದ್ದೆವು. ಎರಡನೆಯ ಅಂಕಿಯನ್ನು ಪ್ರತಿ ರಾತ್ರಿ ಕೈಯಾರೆ ಬರೆಯಬೇಕಾಗಿ ಬಂದಾಗ, ಯಾರೂ ಯಾರಿಗೂ ಹೇಳದೆಯೇ, ಮೂರು ತಿಂಗಳಲ್ಲಿ ಅದು ಅರ್ಧಕ್ಕಿಳಿಯಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇಕಡ 60ರಷ್ಟು ವ್ಯರ್ಥವಾದದ್ದು ಮನೆಗಳಲ್ಲಿ. ಎಷ್ಟೇ ಒಳ್ಳೆಯ ಗೊಬ್ಬರ ಮಾಡಿದರೂ, ಆ ಆಹಾರವನ್ನು ಬೆಳೆಯಲು ತಗುಲಿದ ನೀರು ಮತ್ತು ಇಂಧನ ಮರಳಿ ಬರುವುದಿಲ್ಲ. ಹಾಗಾಗಿ ಯಾವ ವಿಧಾನ ಆರಿಸಿಕೊಂಡರೂ ಮೊದಲ ಕೆಲವು ತಿಂಗಳು ತೂಗಿ ಬರೆಯಿರಿ ಎಂದೇ ನಾನು ಹೇಳುವುದು.

ಈಗ ಮಡಕೆಯ ವಿಷಯ. ಪಕ್ಕಗಳಲ್ಲಿ ಮತ್ತು ತಳದಲ್ಲಿ ರಂಧ್ರಗಳಿರುವ ಮಣ್ಣಿನ ಮಡಕೆಯಲ್ಲಿ ಒಂದು ಪದರ ಹಸಿ ಕಸ, ಅದರ ಮೇಲೆ ಒಂದು ಪದರ ಒಣ ತರಗೆಲೆ, ಹೀಗೆ ತುಂಬುತ್ತ ಹೋಗುವುದು ಇದರ ಕ್ರಮ. ಪದರಗಳ ಈ ಲೆಕ್ಕಾಚಾರ ಹಳೆಯದು. 1924ರಿಂದ 1931ರ ವರೆಗೆ ಇಂದೋರಿನಲ್ಲಿ ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವಾರ್ಡ್ ರೂಪಿಸಿದ ಗೊಬ್ಬರದ ಪದ್ಧತಿಯಲ್ಲಿಯೂ ಸಸ್ಯದ ತ್ಯಾಜ್ಯ ಮತ್ತು ಸಗಣಿಯನ್ನು ಪದರಪದರವಾಗಿ ಒಟ್ಟಿ ಆಗಾಗ ಮಗುಚಬೇಕಿತ್ತು. ಇದರ ಹಿಂದಿರುವುದು ಇಂಗಾಲ ಮತ್ತು ಸಾರಜನಕದ ಪ್ರಮಾಣ. ಸೂಕ್ಷ್ಮಾಣುಗಳು ಚೆನ್ನಾಗಿ ಕೆಲಸ ಮಾಡಲು ಒಂದು ಭಾಗ ಸಾರಜನಕಕ್ಕೆ 25ರಿಂದ 30 ಭಾಗ ಇಂಗಾಲ ಬೇಕು. ತರಕಾರಿ ಸಿಪ್ಪೆಯಲ್ಲಿ ಇಂಗಾಲದ ಪಾಲು ಅದಕ್ಕಿಂತ ಕಡಿಮೆ, ತರಗೆಲೆಯಲ್ಲಿ ಅದರ ಎರಡರಷ್ಟು ಇರಬಹುದು, ಮರದ ಹೊಟ್ಟಿನಲ್ಲಿ ಹತ್ತು ಪಟ್ಟಿಗೂ ಹೆಚ್ಚು. ಬರೀ ಸಿಪ್ಪೆ ತುಂಬಿದರೆ ಹೆಚ್ಚಾದ ಸಾರಜನಕ ಅಮೋನಿಯವಾಗಿ ಹೊರಬಂದು ಮೂಗಿಗೆ ಬಡಿಯುತ್ತದೆ.

ಅದು ನಮಗೆ ಗೊತ್ತಾದದ್ದು ಒಂಬತ್ತನೆಯ ದಿನ. ಅಂದು ಬೆಳಗ್ಗೆ ಮುಚ್ಚಳ ತೆಗೆದಾಗ ಕಣ್ಣು ಉರಿಯುವಂಥ ಘಾಟು, ಮೇಲೆ ಜಿನುಗುವ ಕಂದು ನೀರು, ಸಿಪ್ಪೆಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಒಂದು ಹಿಡಿ ತೆಗೆದು ಹಿಂಡಿದೆ. ಬೆರಳ ಸಂದಿಯಿಂದ ನೀರು ಧಾರೆಯಾಗಿ ಇಳಿಯಿತು. ಹದವಾದ ಕಾಂಪೋಸ್ಟನ್ನು ಹಿಂಡಿದರೆ ಒಂದೆರಡು ಹನಿಗಿಂತ ಹೆಚ್ಚು ಬರಬಾರದು. ಮಡಕೆಯಲ್ಲಿದ್ದುದನ್ನೆಲ್ಲ ಹಳೆಯ ಚೀಲದ ಮೇಲೆ ಸುರಿದು, ಅಷ್ಟೇ ಪ್ರಮಾಣದ ತರಗೆಲೆಯನ್ನು ಕೈಯಿಂದ ಪುಡಿಮಾಡಿ ಬೆರೆಸಿ, ಮತ್ತೆ ತುಂಬಿದೆ. ಸಂಜೆಯ ಹೊತ್ತಿಗೆ ಘಾಟು ಬಹುಪಾಲು ಅಡಗಿತ್ತು. ಮರುದಿನ ಬರೀ ಹಸಿ ಮಣ್ಣಿನ ವಾಸನೆಯಿತ್ತು. ಮಡಕೆಯ ಬಗ್ಗೆ ನನಗೆ ವಿಶ್ವಾಸ ಮೂಡಿದ್ದು ಅಂದು. ಅದು ನಮ್ಮ ತಪ್ಪನ್ನು ಕೂಡಲೇ, ಮೂಗಿಗೆ ತಿಳಿಯುವ ಹಾಗೆ ಹೇಳುತ್ತದೆ, ತಿದ್ದಿದ ಕೂಡಲೇ ಸರಿಹೋಗುತ್ತದೆ.

ಅದರ ಕೊರತೆಗಳೂ ಇವೆ. ದೊಡ್ಡ ರಾಶಿಯಲ್ಲಿ ಸೂಕ್ಷ್ಮಾಣುಗಳ ಚಟುವಟಿಕೆಯಿಂದ ಉಷ್ಣತೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಕಳೆಯ ಬೀಜಗಳೂ ರೋಗಾಣುಗಳೂ ಸಾಯುತ್ತವೆ. ಆದರೆ ಅಷ್ಟು ಬಿಸಿಯನ್ನು ಹಿಡಿದಿಡಲು ಸರಿಸುಮಾರು ಒಂದು ಘನ ಮೀಟರ್ ಗಾತ್ರದ ರಾಶಿ ಬೇಕು. ನಮ್ಮ ಮಡಕೆಯ ನಡುವೆ ಇಳಿಬಿಟ್ಟ ಥರ್ಮಾಮೀಟರ್ ಒಮ್ಮೆಯೂ 45 ಡಿಗ್ರಿ ದಾಟಲಿಲ್ಲ. ಹಾಗಾಗಿ ಆ ಗೊಬ್ಬರ ಹಾಕಿದ ಕುಂಡಗಳಲ್ಲೆಲ್ಲ ನಾವು ಬಿತ್ತದ ಟೊಮೇಟೊ ಸಸಿಗಳು ಎದ್ದವು. ಬೇಯಿಸಿದ ಆಹಾರ ಹಾಕಿದರೆ ನೊಣ ಬರುತ್ತದೆ, ಇಲಿಯೂ ಬರಬಹುದು. ತುಂಬಿದ ಮಡಕೆ ಹದಕ್ಕೆ ಬರಲು ಎರಡೂವರೆಯಿಂದ ಮೂರು ತಿಂಗಳು ಹಿಡಿಯಿತು; ಜರಡಿ ಹಿಡಿದ ಮೇಲೆ ಸಿಕ್ಕಿದ್ದು ತುಂಬಿದ ಗಾತ್ರದ ಕಾಲು ಭಾಗಕ್ಕಿಂತ ತುಸು ಹೆಚ್ಚು.

ಎರೆಹುಳುವಿನ ಪೆಟ್ಟಿಗೆಯ ಬಗ್ಗೆ ನಮಗೆ ಮೊದಲಿನಿಂದಲೂ ಹೆಚ್ಚು ಒಲವಿತ್ತು, ಗೊಬ್ಬರದ ಗುಣದಲ್ಲಿ ಅದು ಆ ಒಲವನ್ನು ಉಳಿಸಿಕೊಂಡಿತು ಕೂಡ. ಇದಕ್ಕೆ ತೋಟದ ಮಣ್ಣಿನಲ್ಲಿ ಆಳಕ್ಕೆ ಬಿಲ ಕೊರೆಯುವ ಹುಳು ಆಗುವುದಿಲ್ಲ; ಕೊಳೆಯುವ ಎಲೆಯ ಮೇಲ್ಪದರದಲ್ಲಿ ಬದುಕುವ ಐಸೀನಿಯಾ ಫೆಟಿಡಾ ಎಂಬ ಕೆಂಪು ಹುಳುವಿನಂಥದ್ದು ಬೇಕು. ತೇವವಾದ ರಟ್ಟಿನ ಚೂರು ಮತ್ತು ತರಗೆಲೆಯ ಹಾಸಿನ ಮೇಲೆ ಅರ್ಧ ಕಿಲೋ ಹುಳು ಬಿಟ್ಟೆವು. ಒಳ್ಳೆಯ ಸ್ಥಿತಿಯಲ್ಲಿ ಹುಳುಗಳು ದಿನಕ್ಕೆ ತಮ್ಮ ತೂಕದ ಅರ್ಧದಷ್ಟು ತಿನ್ನುತ್ತವೆ ಎನ್ನುತ್ತಾರೆ. ನಮ್ಮವು ಮೊದಲ ತಿಂಗಳು ಅದರ ಕಾಲು ಭಾಗವನ್ನೂ ತಿನ್ನಲಿಲ್ಲ, ಆಮೇಲೆ ಚುರುಕಾದವು. ಹುಳಿ ಹಣ್ಣಿನ ಸಿಪ್ಪೆ, ಉಪ್ಪು ಬೆರೆತದ್ದು, ಎಣ್ಣೆ ತಾಕಿದ್ದು ಯಾವುದೂ ಹಾಕುವಂತಿಲ್ಲ, ಆದ್ದರಿಂದ ನಮ್ಮ ಕಸದ ಒಂದು ದೊಡ್ಡ ಪಾಲು ಈ ಪೆಟ್ಟಿಗೆಗೆ ಹೋಗಲೇ ಇಲ್ಲ.

ಆರನೆಯ ತಿಂಗಳಲ್ಲಿ ಬಿಸಿಲು ಏರಿದಾಗ ಒಂದು ಸಂಜೆ ಪೆಟ್ಟಿಗೆ ತೆರೆದರೆ ಹುಳುಗಳು ಆಹಾರ ಬಿಟ್ಟು ಮುಚ್ಚಳದ ಮೂಲೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡು ಉಂಡೆಯಾಗಿ ಕೂತಿದ್ದವು. ಸಂಖ್ಯೆ ಹೆಚ್ಚಿದೆ, ಜಾಗ ಸಾಲದೆ ಮೇಲೆ ಬಂದಿವೆ ಎಂದು ತಿಳಿದು ಸಂತೋಷಪಟ್ಟು ಮುಚ್ಚಿಬಿಟ್ಟೆ. ನಿಜವಾಗಿ ಅವು ಕೆಳಗಿನ ಬಿಸಿಯಿಂದ ತಪ್ಪಿಸಿಕೊಳ್ಳಲು ಹೆಣಗುತ್ತಿದ್ದವು. ಮಧ್ಯಾಹ್ನ ಎರಡು ತಾಸು ಆ ಗೋಡೆಗೆ ಬಿಸಿಲು ಬೀಳುತ್ತಿದ್ದುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಚರ್ಮದ ಮೂಲಕ ಉಸಿರಾಡುವ ಈ ಜೀವಿಗಳಿಗೆ 15ರಿಂದ 25 ಡಿಗ್ರಿಯ ತಂಪು ಹಿತ. 35 ದಾಟಿದರೆ ಬದುಕುವುದು ಕಷ್ಟ. ಎರಡು ದಿನ ಬಿಟ್ಟು ನೋಡಿದಾಗ ಥರ್ಮಾಮೀಟರ್ 38 ತೋರಿಸುತ್ತಿತ್ತು, ಹುಳುಗಳಲ್ಲಿ ಮುಕ್ಕಾಲು ಪಾಲು ಸತ್ತು ಕರಗಿದ್ದವು. ನಮ್ಮನ್ನೇ ನಂಬಿದ್ದ ಜೀವಗಳು ನಮ್ಮ ಅಜಾಗರೂಕತೆಯಿಂದ ಸತ್ತವೆಂಬ ನೋವು ಮನೆಯವರೆಲ್ಲರನ್ನೂ ಬಹಳ ದಿನ ಕಾಡಿತು.

ಪೆಟ್ಟಿಗೆಯನ್ನು ನೆರಳಿಗೆ ಸರಿಸಿ, ಒದ್ದೆ ಗೋಣಿಚೀಲ ಹೊದಿಸಿ, ಉಳಿದ ಹಾಸನ್ನು ಎಸೆಯದೆ ಹಾಗೆಯೇ ಬಿಟ್ಟೆವು. ಅದರಲ್ಲಿ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ, ನಿಂಬೆಹಣ್ಣಿನ ಆಕಾರದ ಹಳದಿ ಕೋಶಗಳು ಅಲ್ಲಲ್ಲಿ ಇದ್ದವು. ಅವು ಎರೆಹುಳುವಿನ ಮೊಟ್ಟೆಯ ಕೋಶಗಳು. ಒಂದು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ರಟ್ಟಿನ ಚೂರನ್ನು ಎತ್ತಿದರೆ ಅಡಿಯಲ್ಲಿ ದಾರದಷ್ಟು ತೆಳುವಾದ ಬಿಳಿ ಮರಿಗಳು ಹರಿದಾಡುತ್ತಿದ್ದವು. ಪೆಟ್ಟಿಗೆ ಮತ್ತೆ ಮೊದಲಿನ ಸ್ಥಿತಿಗೆ ಬರಲು ನಾಲ್ಕು ತಿಂಗಳು ಬೇಕಾಯಿತು. ಅದರಿಂದ ಬಂದ ಗೊಬ್ಬರ ನಯವಾದ ಕಪ್ಪು ರವೆಯಂತಿತ್ತು, ಅದಕ್ಕೆ ಜರಡಿಯೇ ಬೇಕಾಗಲಿಲ್ಲ. ಬೀಜ ಬಿತ್ತಲು ಮೂರರಲ್ಲಿ ಇದಕ್ಕೆ ಸಾಟಿ ಇನ್ನೊಂದಿರಲಿಲ್ಲ. ಆದರೆ ಹುಳುಗಳು ತಮ್ಮ ಸಂಕಟವನ್ನು ಸದ್ದಿಲ್ಲದೆ, ವಾಸನೆಯಿಲ್ಲದೆ ಅನುಭವಿಸುತ್ತವೆ, ಅವುಗಳ ಚಲನವಲನ ಓದಲು ಬಾರದವರಿಗೆ ವಿಷಯ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಬೊಕಾಶಿ ಎಂಬುದು ಜಪಾನೀ ಪದ. 1980ರ ದಶಕದ ಆರಂಭದಲ್ಲಿ ಒಕಿನಾವಾದ ರ್ಯುಕ್ಯು ವಿಶ್ವವಿದ್ಯಾಲಯದ ತೆರುವೊ ಹಿಗಾ ರೂಪಿಸಿದ ಸೂಕ್ಷ್ಮಾಣು ಮಿಶ್ರಣದಿಂದಾಗಿ ಇಂದಿನ ಬಕೆಟ್ ಪದ್ಧತಿ ಪ್ರಚಾರಕ್ಕೆ ಬಂತು. ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ, ಯೀಸ್ಟ್ ಮೊದಲಾದವುಗಳನ್ನು ಕಾಕಂಬಿಯೊಂದಿಗೆ ಗೋಧಿ ತೌಡಿಗೆ ಬೆರೆಸಿ ಒಣಗಿಸಿರುತ್ತಾರೆ. ಕಸದ ಪ್ರತಿ ಪದರದ ಮೇಲೂ ಆ ತೌಡನ್ನು ಉದುರಿಸಿ, ಒತ್ತಿ ಗಾಳಿ ತೆಗೆದು, ಬಿಗಿಯಾಗಿ ಮುಚ್ಚಬೇಕು. ಬಕೆಟ್ ತುಂಬಿದ ಮೇಲೆ ಎರಡು ವಾರ ತೆರೆಯುವಂತಿಲ್ಲ. ಒಳಗೆ ನಡೆಯುವುದು ಉಪ್ಪಿನಕಾಯಿ ಹುಳಿಯುವ ಬಗೆಯ ಕ್ರಿಯೆ: ಆಮ್ಲ ಹೆಚ್ಚಿ, ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಬದುಕಲು ಆಗದಂತೆ ಮಾಡುತ್ತದೆ. ಬೇಯಿಸಿದ ಆಹಾರ, ಎಣ್ಣೆ ಪದಾರ್ಥ, ಮೂಳೆಯಿಲ್ಲದ ಮಾಂಸ, ಹಾಲಿನ ಪದಾರ್ಥ ಎಲ್ಲವೂ ಇದರಲ್ಲಿ ಸಲ್ಲುತ್ತವೆ, ಮುಚ್ಚಿದ ಬಕೆಟ್ಟಾದ್ದರಿಂದ ನೊಣಕ್ಕೆ ದಾರಿಯೇ ಇಲ್ಲ. ಈ ಎರಡು ವಿಷಯಗಳಲ್ಲಿ ಉಳಿದೆರಡು ವಿಧಾನಗಳು ಇದರ ಸಮಕ್ಕೆ ಬರುವುದಿಲ್ಲ.

ಎರಡು ವಾರದ ಮೇಲೆ ಮುಚ್ಚಳ ತೆಗೆದವರಿಗೆ ಮೊದಲು ನಿರಾಶೆಯಾಗುತ್ತದೆ. ಸಿಪ್ಪೆ ಇನ್ನೂ ಸಿಪ್ಪೆಯಾಗಿಯೇ ಇರುತ್ತದೆ, ಗಾತ್ರವೂ ಹೆಚ್ಚು ಇಳಿದಿರುವುದಿಲ್ಲ. ಬಣ್ಣ ಮಾಸಿ, ಮೇಲೆ ಬಿಳಿ ಬೂಸು ಹಿಡಿದು, ಹುಳಿ ವಾಸನೆ ಬರುತ್ತಿರುತ್ತದೆ. ಅದನ್ನು ಮಣ್ಣಿನಲ್ಲಿ ಹೂತು ಇನ್ನೂ ಎರಡರಿಂದ ನಾಲ್ಕು ವಾರ ಕಾಯಬೇಕು, ಆಗ ಮಾತ್ರ ಅದು ಕಾಣೆಯಾಗಿ ಮಣ್ಣಾಗುತ್ತದೆ. ಎಂದರೆ ಬೊಕಾಶಿ ಅರ್ಧ ದಾರಿಯಷ್ಟೇ. ಹೂಳಲು ಮಣ್ಣಿಲ್ಲದ ಮನೆಗೆ ಉಳಿದ ಅರ್ಧ ದೊಡ್ಡ ಸಮಸ್ಯೆ. ಬಕೆಟ್ಟಿನ ತಳದ ನಲ್ಲಿಯಿಂದ ಇಳಿಯುವ ರಸವನ್ನು ಎರಡು ಮೂರು ದಿನಕ್ಕೊಮ್ಮೆ ತೆಗೆದು, ಒಂದಕ್ಕೆ ನೂರು ಪಾಲು ನೀರು ಬೆರೆಸಿ ಗಿಡಕ್ಕೆ ಹಾಕಬೇಕು. ತೌಡು ಮುಗಿದಂತೆಲ್ಲ ಮತ್ತೆ ತರಬೇಕು ಅಥವಾ ತಯಾರಿಸಿಕೊಳ್ಳಬೇಕು. ನಮ್ಮ ಮೂರನೆಯ ಬಕೆಟ್ಟಿನ ಮುಚ್ಚಳ ಒಂದು ಬದಿಯಲ್ಲಿ ಸರಿಯಾಗಿ ಕೂತಿರಲಿಲ್ಲ. ಅದು ತಿಳಿದದ್ದು ಎರಡು ವಾರ ಕಳೆದು ತೆರೆದಾಗ, ಹಸಿರು ಮತ್ತು ಕಪ್ಪು ಬೂಸು ಹಬ್ಬಿ, ಕೊಳೆತ ನಾತ ಹೊಡೆದಾಗ. ಆರು ಕಿಲೋ ಕಸವನ್ನು ಆಳವಾಗಿ ಹೂಳದೆ ಬೇರೆ ದಾರಿಯಿರಲಿಲ್ಲ.

ವೇಗದ ಲೆಕ್ಕ ಹಿಡಿದರೆ ಬೊಕಾಶಿ ಮುಂದು, ಗೊಬ್ಬರದ ಗುಣ ಹಿಡಿದರೆ ಎರೆಹುಳು ಮುಂದು. ಹದಿನಾಲ್ಕು ತಿಂಗಳ ಅನುಭವದಲ್ಲಿ ನನಗೆ ಇವೆರಡಕ್ಕಿಂತ ಮುಖ್ಯವೆನಿಸಿದ್ದು ಬೇರೆಯದು. ಜ್ವರ ಬಂದ ವಾರ, ಊರಿಗೆ ಹೋದ ವಾರ, ಸುಮ್ಮನೆ ಮರೆತ ದಿನ ಎಲ್ಲ ಮನೆಗಳಲ್ಲಿಯೂ ಇರುತ್ತವೆ. ಅಂಥ ದಿನದ ತಪ್ಪನ್ನು ಮಡಕೆ ಮರುದಿನವೇ ತೋರಿಸಿ ತರಗೆಲೆಗೆ ಸಮಾಧಾನಗೊಳ್ಳುತ್ತದೆ, ಬೊಕಾಶಿ ಎರಡು ವಾರ ಮುಚ್ಚಿಟ್ಟುಕೊಂಡಿರುತ್ತದೆ, ಎರೆಹುಳು ಜೀವ ತೆರುತ್ತದೆ. ಆದ್ದರಿಂದ ಹೊಸದಾಗಿ ತೊಡಗುವವರು ಮಡಕೆಯಿಂದಲೇ ತೊಡಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ವರ್ಷವಿಡೀ ನೆರಳಿರುವ ಜಾಗವಿದ್ದು, ದಿನವೂ ಮುಚ್ಚಳ ತೆಗೆದು ನೋಡುವ ಆಸಕ್ತಿಯಿರುವವರು ಆಮೇಲೆ ಎರೆಹುಳುವಿಗೆ ಕೈಹಾಕಬಹುದು. ಬೇಯಿಸಿದ ಆಹಾರ ಹೆಚ್ಚು ಉಳಿಯುವ ಮನೆಗೆ ಬೊಕಾಶಿ ಒಳ್ಳೆಯ ಜೊತೆಗಾರ, ಆದರೆ ಒಂಟಿಯಾಗಿ ಸಾಲದು.

ಈಗ ನಮ್ಮಲ್ಲಿ ಎರಡು ಮಡಕೆಗಳು ಸರದಿಯಲ್ಲಿ ನಡೆಯುತ್ತಿವೆ, ಒಂದು ತುಂಬುವಾಗ ಇನ್ನೊಂದು ಹದಕ್ಕೆ ಬರುತ್ತಿರುತ್ತದೆ. ಉಳಿದ ಬೇಯಿಸಿದ ಆಹಾರ ಮಾತ್ರ ಬೊಕಾಶಿಗೆ ಹೋಗುತ್ತದೆ, ಹುಳಿತ ಮೇಲೆ ಅದನ್ನು ಸ್ವಲ್ಪಸ್ವಲ್ಪವಾಗಿ ಎರಡರಷ್ಟು ತರಗೆಲೆಯೊಂದಿಗೆ ಮಡಕೆಯ ನಡುವೆ ಹೂಳುತ್ತೇವೆ. ಹಾಗೆ ಮಾಡಿದ ವಾರಗಳಲ್ಲಿ ಮಡಕೆ ಮೊದಲಿಗಿಂತ ಬಿಸಿಯಾಗಿ, ಬೇಗ ಇಳಿಯುತ್ತದೆ. ಎರೆಹುಳುವಿನ ಪೆಟ್ಟಿಗೆಯನ್ನು ಚಿಕ್ಕದು ಮಾಡಿ ಮನೆಯ ಒಳಗೇ ನೆರಳಿನ ಮೂಲೆಯಲ್ಲಿಟ್ಟಿದ್ದೇವೆ, ಅದರ ಗೊಬ್ಬರ ಬೀಜ ಬಿತ್ತಲಿಕ್ಕಷ್ಟೇ. ಮಡಕೆಯ ಪಕ್ಕದಲ್ಲಿ ತರಗೆಲೆಯ ಚೀಲವೊಂದು ಸದಾ ಇರುತ್ತದೆ, ಎಲೆ ಉದುರುವ ತಿಂಗಳುಗಳಲ್ಲಿಯೇ ವರ್ಷಕ್ಕಾಗುವಷ್ಟು ಆರಿಸಿ ಒಣಗಿಸಿಡುತ್ತೇವೆ. ಆ ಚೀಲ ಖಾಲಿಯಾದ ದಿನ ಮಡಕೆಗೆ ಸಿಪ್ಪೆ ಹಾಕುವುದಿಲ್ಲ, ಹಳೆಯ ರಟ್ಟಿನ ಪೆಟ್ಟಿಗೆಯನ್ನಾದರೂ ಹರಿದು ಚೂರು ಮಾಡಿಕೊಂಡೇ ಮುಚ್ಚಳ ತೆಗೆಯುತ್ತೇವೆ.