“.38 ಅಂದ್ರೆ .38 ಸಾರ್” ಅಂತ ನನಗೆ ಮಾರಿದ ರಿವಾಲ್ವರ್: ಹಳೇ ಗನ್ ತಗೊಳ್ಳೋ ಮುಂಚೆ ಓದಿ

ಡಾಲಸ್ ಸುತ್ತಮುತ್ತ ನಮ್ಮವರಲ್ಲಿ ಟಾರ್ಗೆಟ್ ಶೂಟಿಂಗ್ ಹುಚ್ಚು ಹತ್ತಿಸಿಕೊಂಡವರು ಈಗ ಸುಮಾರು ಜನ ಇದ್ದಾರೆ, ಅದಕ್ಕೇ ಬರೀತಿದ್ದೀನಿ. ಯಾವ ಅಂಗಡಿ ಅಂತ ಹೇಳಲ್ಲ, ಕೇಳಬೇಡಿ. ಆದ್ರೆ ಎರಡನೇ ಮಹಾಯುದ್ಧದ ಕಾಲದ ರಿವಾಲ್ವರ್, ಹಿಡಿಯ ಬುಡದಲ್ಲಿ ಹಗ್ಗ ಕಟ್ಟೋ ಬಳೆ, ಐದಿಂಚಿನ ನಳಿಗೆ, “ಮಾಮೂಲಿ .38 ಸ್ಪೆಷಲ್ ಗುಂಡು ಹಾಕಿ ಹೊಡೀರಿ” ಅಂತ ಯಾರಾದ್ರೂ ಮುಂದಿಟ್ಟರೆ ದುಡ್ಡು ಬಿಚ್ಚೋ ಮುಂಚೆ ಇದನ್ನ ಪೂರ್ತಿ ಓದಿ.

ನನ್ನ ಹತ್ರ ಆಗಲೇ ನಾಲ್ಕಿಂಚಿನ ಸ್ಟೀಲ್ .357 ಮ್ಯಾಗ್ನಮ್ ರಿವಾಲ್ವರ್ ಇತ್ತು. ಅದರಲ್ಲಿ .38 ಸ್ಪೆಷಲ್ ಹೊಡೀಬಹುದು, ಶೂಟಿಂಗ್ ಮಾಡೋರಿಗೆಲ್ಲ ಗೊತ್ತಿರೋದೇ. ಎರಡರ ಗುಂಡಿನ ದಪ್ಪ ಒಂದೇ. ಕೇಸಿನ (ಗುಂಡು, ಮದ್ದು ಕೂತಿರೋ ಹಿತ್ತಾಳೆ ಕೊಳವೆ) ಉದ್ದ ಬೇರೆ, .38ರದ್ದು 1.155 ಇಂಚು, ಮ್ಯಾಗ್ನಮ್‌ದು 1.290. ಒತ್ತಡದ ಮಿತಿ .38ಕ್ಕೆ 17,000 ಪಿಎಸ್ಐ (ಚದರ ಇಂಚಿಗೆ ಅಷ್ಟು ಪೌಂಡ್), ಮ್ಯಾಗ್ನಮ್‌ಗೆ 35,000, ಎರಡರಷ್ಟು. ಹಳೇ .38 ರಿವಾಲ್ವರಿಗೆ ಇದನ್ನ ಯಾರೂ ತುರುಕಬಾರದು ಅಂತಲೇ 1935ರಲ್ಲಿ ಮ್ಯಾಗ್ನಮ್ ಬಂದಾಗ ಕೇಸನ್ನ ಉದ್ದ ಮಾಡಿದ್ದು. ಅಂದ್ರೆ .357ರಲ್ಲಿ .38 ಸರಿ, .38ರಲ್ಲಿ .357 ಬೇಡ. ಅಷ್ಟೇ ಲೆಕ್ಕ ಅಂದುಕೊಂಡಿದ್ದೆ ನಾನು. ಅಷ್ಟೇ ಲೆಕ್ಕ ಅಂತಲೇ ಎಲ್ಲರೂ ಹೇಳೋದು.

ಮ್ಯಾಗ್ನಮ್ ಒದೆತ ನನಗೆ ಆಗಿ ಬರಲ್ಲ, ನಿಜ. 158 ಗ್ರೇನ್ (ಸುಮಾರು ಹತ್ತು ಗ್ರಾಮ್) ಗುಂಡು ಸೆಕೆಂಡಿಗೆ 1,200 ಅಡಿ ಮೇಲೆ ಹೋಗುವಾಗ ಮಣಿಕಟ್ಟು ಮೇಲಕ್ಕೆ ಹಾರುತ್ತೆ, ಮುಂದಿನ ಸುತ್ತಿಗೆ ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತೆ, ಸ್ಕೋರು ಮಣ್ಣುಪಾಲು. 148 ಗ್ರೇನ್ .38 ವಾಡ್‌ಕಟರ್ (ಟಾರ್ಗೆಟ್‌ಗೆ ಅಂತ ಮಾಡಿದ ಚಪ್ಪಟೆ ಮೂತಿಯ ಗುಂಡು) ಆದ್ರೆ ಸುಮಾರು 700 ಅಡಿ ವೇಗ, ಕೈಗೆ ತಟ್ಟಿದ ಹಾಗೆ ಅಷ್ಟೇ, ಕಾಗದದ ಮೇಲೆ ಪಂಚಿಂಗ್ ಮೆಶಿನ್ನಲ್ಲಿ ಹೊಡೆದಂಥ ದುಂಡಗಿನ ತೂತು. ಆ ಅಂಗಡಿಗೆ ಹೋಗಿದ್ದು ಬರೀ ವಾಡ್‌ಕಟರ್ ಬಾಕ್ಸ್ ತರೋಕೆ.

ಕೌಂಟರಿನವನು ಮಾತಿಗೆಳೆದ. “.357ರಲ್ಲಿ .38 ಹೊಡೀತಾ ಇದ್ರೆ ಚೇಂಬರ್ ಒಳಗೆ ಮಸಿಯ ಉಂಗುರ ಕಟ್ಟುತ್ತೆ, ಆಮೇಲೆ ಉದ್ದದ ಕೇಸು ಸಲೀಸಾಗಿ ಕೂರಲ್ಲ” ಅಂದ. ಇದು ಸತ್ಯ. ಚೇಂಬರ್ ಅಂದ್ರೆ ಸಿಲಿಂಡರಿನಲ್ಲಿ ಗುಂಡು ಕೂರೋ ತೂತು, ಅದರಲ್ಲಿ ಗಿಡ್ಡ ಕೇಸಿನ ಬಾಯಿ ಎಲ್ಲಿ ಮುಗಿಯುತ್ತೋ ಅಲ್ಲಿ ಮಸಿ ಕೂರುತ್ತೆ, ಬ್ರಶ್ ಹಾಕಿ ಉಜ್ಜಿದ್ರೆ ಹೋಗುತ್ತೆ. ಉಜ್ಜಿದ್ರೆ ಹೋಗುತ್ತೆ ಅನ್ನೋದನ್ನ ಮಾತ್ರ ನುಂಗಿಕೊಂಡ. ಇವರು ಮೋಸ ಮಾಡೋದೇ ಹೀಗೆ, ಪೂರ್ತಿ ಸುಳ್ಳು ಹೇಳಲ್ಲ. “ನಿಮ್ಮ .357 ನಮಗೆ ಎಕ್ಸ್‌ಚೇಂಜ್ ಕೊಡಿ, .38ಕ್ಕೆ ಅಂತಲೇ ಒಂದು ಗನ್ ಇಟ್ಕೊಳ್ಳಿ” ಅಂದ. ಕೊಡಲ್ಲ ಅಂದೆ. ಆಗ ಗಾಜಿನ ಕೆಳಗಿಂದ ಇದನ್ನ ತೆಗೆದ. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿಯದು, ಯುದ್ಧಕಾಲದ್ದು, ಸೀರಿಯಲ್ ನಂಬರ್ ಮುಂದೆ ವಿ ಅಕ್ಷರ, ಬ್ರಿಟಿಷ್ ಮುದ್ರೆಗಳು. “ಒರಿಜಿನಲ್ ವಾರ್‌ಟೈಮ್ ಪೀಸ್ ಸಾರ್, ಇತಿಹಾಸ.” ನಾನು ಕೊಡಗಿನವನು. ಕೈಲ್ ಪೊಳ್ದ್ ಹಬ್ಬಕ್ಕೆ ಮರದ ತುದಿಯ ತೆಂಗಿನಕಾಯಿಗೆ ಗುರಿ ಇಡೋದು ನೋಡಿಕೊಂಡು ಬೆಳೆದವನಿಗೆ ಹಳೇ ಕೋವಿ ಕೈಗೆ ಕೊಟ್ಟರೆ ಏನಾಗುತ್ತೆ ಹೇಳಿ!

“.38 ಸ್ಪೆಷಲ್ಲೇ ತಾನೇ?” ಅಂತ ಬಾಯಿಬಿಟ್ಟು ಕೇಳಿದೆ. ಇದನ್ನ ಒತ್ತಿ ಹೇಳ್ತೀನಿ, ಕೇಳಿದೆ. “.38 ಅಂದ್ರೆ .38 ಸಾರ್” ಅಂದ. ನಳಿಗೆ ಮೇಲೂ .38 ಸ್ಪೆಷಲ್ ಅಂತ ಕೊರೆದಿತ್ತು. ಫಾರ್ಮ್ ತುಂಬಿಸಿದ, ಬ್ಯಾಕ್‌ಗ್ರೌಂಡ್ ಚೆಕ್ ಆಯ್ತು, ನಾನೂರು ಡಾಲರ್ ಚಿಲ್ಲರೆ ಕೊಟ್ಟೆ, ಅವನೇ ಕೊಟ್ಟ ಗುಂಡಿನ ಬಾಕ್ಸ್ ಹಿಡಿದು ರೇಂಜಿಗೆ ಹೋದೆ. ಜೊತೆಗೆ ಹಾಸನದ ಗೌಡ್ರು.

ಒದೆತ ಏನೂ ಇಲ್ಲ, ಹಾಯಾಗಿತ್ತು. ಆದ್ರೆ ಕಾಗದ ನೋಡಿದ್ರೆ ತೂತುಗಳು ತಟ್ಟೆ ಅಗಲ ಚೆಲ್ಲಾಡಿದ್ದವು, ಎರಡು ತೂತು ಉದ್ದುದ್ದ, ಗುಂಡು ಅಡ್ಡ ತಿರುಗಿ ಹೊಕ್ಕ ಗುರುತು. ನನ್ನ ಕೈ ನಡುಗಿರಬೇಕು ಅಂತ ಗೌಡ್ರು ನಕ್ಕರು. ಸಿಲಿಂಡರ್ ಹೊರಗೆಳೆದು ಕೇಸು ಹೊರದಬ್ಬೋ ಕಡ್ಡಿ ಒತ್ತಿದೆ. ಖಾಲಿ ಕೇಸು ಬರಲಿಲ್ಲ. ಅಂಗೈಯಿಂದ ಗುದ್ದಿದ ಮೇಲೆ ಬಂದವು. ಗೌಡ್ರು ಒಂದನ್ನ ಎತ್ತಿಕೊಂಡು ನಗು ನಿಲ್ಲಿಸಿದರು. “ಏನ್ರೀ ಇದು, ಹಾವು ಇಲಿ ನುಂಗಿದಂಗಿದೆ?”

ಬುಡದ ಕಡೆ ಅರ್ಧ ಉಬ್ಬಿತ್ತು, ಬಾಯಿ ಕಡೆ ಅರ್ಧ ಸರಿಯಾಗಿತ್ತು. ನಡುವೆ ಉಗುರಿಗೆ ಸಿಗೋ ಒಂದು ಮೆಟ್ಟಿಲು. ಇನ್ನೊಂದು ಕೇಸು ಉದ್ದಕ್ಕೆ ಸೀಳಿತ್ತು, ಸೀಳಿನ ಅಂಚಿಗೆಲ್ಲ ಮಸಿ. ಪಕ್ಕದ ಲೇನಿನವರು ಬಗ್ಗಿ ನೋಡಿದರು, ರೇಂಜ್ ಆಫೀಸರ್ ಬಂದು “ಇದನ್ನ ಇಲ್ಲಿ ಇನ್ನು ಹೊಡೀಬೇಡಿ” ಅಂದ. ಅಷ್ಟು ಜನರ ಎದುರಿಗೆ ಗನ್ ಚೀಲಕ್ಕೆ ಹಾಕ್ಕೊಂಡು ಹೊರಗೆ ಬರೋವಾಗ ಮುಖ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ.

ಗನ್ ರಿಪೇರಿ ಮಾಡೋ ಒಬ್ಬ ಹಿರಿಯರ ಹತ್ರ ಒಯ್ದೆ. ಭೂತಗನ್ನಡಿ ಇಟ್ಟು ನೋಡಿ, ಮಾತಾಡದೆ ಬ್ರಿಟಿಷ್ ಮುದ್ರೆಗಳ ಮಧ್ಯೆ ಒಂದು ಕಡೆ ಬೆರಳಿಟ್ಟರು: .38, ಅದರ ಪಕ್ಕ .767. ಅದು ಕೇಸಿನ ಉದ್ದವಂತೆ. ಮುಕ್ಕಾಲು ಇಂಚು ಚಿಲ್ಲರೆ! .38 ಸ್ಪೆಷಲ್ 1.155. ಈ ಗನ್ ಹುಟ್ಟಿದ್ದೇ ಬೇರೆ .38ಕ್ಕೆ, .38 ಎಸ್ ಅಂಡ್ ಡಬ್ಲ್ಯು (ಸ್ಮಿತ್ ಅಂಡ್ ವೆಸನ್) ಅನ್ನೋದಕ್ಕೆ, ಬ್ರಿಟಿಷರು .38/200 ಅಂತಿದ್ದಿದ್ದು, ಆಗಿನ ಎನ್‌ಫೀಲ್ಡ್, ವೆಬ್ಲಿ ರಿವಾಲ್ವರ್‌ಗಳಲ್ಲಿ ಇದ್ದಿದ್ದು ಅದೇ. ಅದು ಗಿಡ್ಡ, ಆದ್ರೆ ದಪ್ಪ. ಕೇಸು .386 ಇಂಚು, ಗುಂಡು .361. ಸ್ಪೆಷಲ್‌ದು .379 ಮತ್ತು .358. ಯುದ್ಧ ಮುಗಿದ ಮೇಲೆ ಸರ್‌ಪ್ಲಸ್ ಆಗಿ ಬಂದ ಈ ಗನ್‌ಗಳ ಚೇಂಬರನ್ನ ಉದ್ದಕ್ಕೆ ಕೊರೆದು, ಸ್ಪೆಷಲ್ ಅಂತ ಮುದ್ರೆ ಹೊಡೆದು ಮಾರಿದ್ದಾರೆ. ಕೊರೆದರೆ ಉದ್ದ ಆಗುತ್ತೆ, ಅಗಲ ಇದ್ದದ್ದು ಕಿರಿದಾಗುತ್ತಾ? ಆಗಲ್ಲ. ಅದಕ್ಕೇ ಬುಡ ಉಬ್ಬೋದು, ಸೀಳೋದು. ನಳಿಗೆ ಗುಂಡಿಗಿಂತ ಅಗಲ, ಅದಕ್ಕೇ ಗುಂಡು ಸರಿಯಾಗಿ ತಿರುಗದೆ ಅಡ್ಡಾದಿಡ್ಡಿ ಹೋಗೋದು. ಕೇಸು ಸೀಳಿದಾಗ ಬಿಸಿ ಗಾಳಿ ಹಿಂದಕ್ಕೆ, ನನ್ನ ಮುಖದ ಕಡೆಗೆ ಬರುತ್ತೆ. ನೆನೆಸಿಕೊಂಡ್ರೆ ಈಗಲೂ ಮೈ ಉರಿಯುತ್ತೆ.

ಈಗ ಅಂಗಡಿಯವನ ಉತ್ತರಗಳನ್ನ ಕೇಳಿ.

ಮೊದಲು, “ಯಾವ ಗುಂಡು ಹಾಕಿದ್ರಿ?” ನೀವೇ ಕೊಟ್ಟಿದ್ದು ಅಂದೆ. “ಹಳೇ ಗನ್, ಸ್ವಲ್ಪ ಉಬ್ಬೋದೆಲ್ಲ ನಾರ್ಮಲ್.” ಸೀಳಿದ ಕೇಸನ್ನ ಕೌಂಟರ್ ಮೇಲಿಟ್ಟೆ. ಮುಟ್ಟಲೂ ಇಲ್ಲ. “ಗುಂಡು ಹಾರಿತು ತಾನೇ?” ಹಾರಿತು ತಾನೇ ಅಂತೆ! ಆಮೇಲೆ ಗೋಡೆ ಮೇಲಿನ ಬೋರ್ಡು ತೋರಿಸಿದ, ಮಾರಿದ ಬಂದೂಕು, ಗುಂಡು ವಾಪಸ್ ಇಲ್ಲ.

ಹೋಗಲಿ, ನೀವೇ ಸೆಕೆಂಡ್‌ಹ್ಯಾಂಡ್ ಅಂತ ತಗೊಳ್ಳಿ, ಏನು ಕೊಡ್ತೀರಿ ಅಂದೆ. ಅದೇ ಮನುಷ್ಯ, ಅದೇ ಗನ್ ಕೈಗೆತ್ತಿಕೊಂಡು, ಟಾರ್ಚ್ ಬಿಟ್ಟು ಚೇಂಬರ್ ಒಳಗೆ ಒಂದೇ ಸಲ ಇಣುಕಿ ಹೇಳಿದ್ದು: “ಚೇಂಬರ್ ಕೊರೆದಿದ್ದಾರೆ, ಇದಕ್ಕೆ ಕಲೆಕ್ಟರ್ ವ್ಯಾಲ್ಯೂ ಇಲ್ಲ. ನೂರಾ ಇಪ್ಪತ್ತು ಕೊಡ್ತೀನಿ.” ಮಾರೋವಾಗ ಒರಿಜಿನಲ್, ಇತಿಹಾಸ. ಕೊಳ್ಳೋವಾಗ ಕೊರೆದ ಮಾಲು. ಅವನಿಗೆ ಗೊತ್ತಿತ್ತು! ಮೊದಲ ದಿನವೇ ಗೊತ್ತಿತ್ತು. ಗನ್ ಕೆಟ್ಟಿದ್ದಕ್ಕಿಂತ ಇದೇ ನನಗೆ ಜಾಸ್ತಿ ಚುಚ್ಚಿದ್ದು. ಅಲ್ಲಪ್ಪಾ, ಆಗ ಯಾಕೆ ಹೇಳಲಿಲ್ಲ ಅಂದ್ರೆ, “ನೀವು ಕೊರೆದಿದ್ದಾರಾ ಅಂತ ಕೇಳಲಿಲ್ಲವಲ್ಲ.”

ಇಷ್ಟಾದ ಮೇಲೂ ಇನ್ನೊಂದು ತಲೆಗೆ ಕಟ್ಟೋಕೆ ನೋಡಿದ. ಎರಡಿಂಚಿನ ನಳಿಗೆ, ಹದಿನೈದು ಔನ್ಸೂ ತೂಗದ ಪುಟಾಣಿ .357. “ಇದು ಎರಡೂ ತಗೊಳ್ಳುತ್ತೆ ಸಾರ್, ಟಾರ್ಗೆಟ್‌ಗೂ ಸೂಪರ್.” ಟಾರ್ಗೆಟ್‌ಗೆ! ಅದೇ ಗುಂಡು ಹಾಕಿದಾಗ ಗನ್ ತೂಕ ಮೂರರಲ್ಲಿ ಒಂದು ಪಾಲಾದ್ರೆ ಒದೆತದ ಶಕ್ತಿ ಮೂರು ಪಟ್ಟು ಆಗುತ್ತೆ. ನನ್ನ ಸ್ಟೀಲ್ ಗನ್ ನಲವತ್ತು ಔನ್ಸ್ ಹತ್ತಿರ, ಅದರಲ್ಲೇ ಮ್ಯಾಗ್ನಮ್ ಬೇಡ ಅಂತ ಓಡಿ ಬಂದವನು ನಾನು. ಅಂಥ ಹಗುರ ಗನ್ ಒಂದನ್ನ ಗೌಡ್ರ ಪರಿಚಯದವರ ಹತ್ರ ಹೊಡೆದು ನೋಡಿದ್ದೆ, ಹೆಬ್ಬೆರಳ ಬುಡದ ಚರ್ಮ ಕಿತ್ತು ಬಂದಿತ್ತು. ಅದೂ ಅಲ್ಲದೆ ಆ ಒದೆತಕ್ಕೆ ಸಿಲಿಂಡರಿನಲ್ಲಿ ಉಳಿದ ಗುಂಡುಗಳು ಕೇಸಿನಿಂದ ಮುಂದಕ್ಕೆ ಜಾರಿ, ಮೂತಿ ಹೊರಬಂದು, ಸಿಲಿಂಡರ್ ತಿರುಗದೆ ನಿಲ್ಲೋದೂ ಉಂಟು. ಜೇಬಲ್ಲಿ ಇಟ್ಕೊಂಡು ಓಡಾಡೋಕೆ ಮಾಡಿದ ಗನ್ ಅದು, ಇಪ್ಪತ್ತೈದು ಗಜದ ಟಾರ್ಗೆಟ್‌ಗಲ್ಲ.

ಹಳೇ ರಿವಾಲ್ವರ್ ನೋಡೋಕೆ ಹೋದ್ರೆ ನಳಿಗೆಯ ಬರಹ ಒಂದನ್ನೇ ನಂಬಬೇಡಿ. ಸಣ್ಣ ಮುದ್ರೆಗಳನ್ನ ಫೋನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. .767 ಕಂಡ್ರೆ ಗನ್ ಕೆಳಗಿಡಿ. ವರ್ನಿಯರ್ ಕ್ಯಾಲಿಪರ್ ಒಯ್ಯಿರಿ, ಗುಂಡು ತುಂಬೋ ಕಡೆ ಚೇಂಬರ್ ಬಾಯಿಯ ಅಗಲ ಅಳೆಯಿರಿ, ಅಳೆಯೋಕೆ ಬಿಡದ ಅಂಗಡಿಯಿಂದ ಎದ್ದು ಬನ್ನಿ. ಚೇಂಬರ್ ಕೊರೆದಿಲ್ಲ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ಊರಲ್ಲಿ ಲೈಸೆನ್ಸ್ ಇರೋರೂ ಗಮನಿಸಿ, .32 ಅಂದ್ರೂ ಒಂದೇ ಅಲ್ಲ. ರಿವಾಲ್ವರಿಗೆ ಬರೋ .32 ಎಸ್ ಅಂಡ್ ಡಬ್ಲ್ಯು ಲಾಂಗ್ ಬೇರೆ, ಪಿಸ್ತೂಲಿಗೆ ಬರೋ .32 ಎಸಿಪಿ ಬೇರೆ. ಡೀಲರ್ ಕೊಟ್ಟ ಪೊಟ್ಟಣದ ಮೇಲೆ ಪೂರ್ತಿ ಹೆಸರು ಓದಿ.

ನೂರಾ ಇಪ್ಪತ್ತಕ್ಕೆ ಅವನಿಗೆ ವಾಪಸ್ ಕೊಡಲಿಲ್ಲ. ಕೊಟ್ಟರೆ ನಾಳೆ ಇನ್ನೊಬ್ಬನಿಗೆ “ಒರಿಜಿನಲ್” ಅಂತ ಕಟ್ಟುತ್ತಾನೆ. ಅವನ ಬಾಕ್ಸಲ್ಲಿ ಉಳಿದಿದ್ದ ವಾಡ್‌ಕಟರ್‌ಗಳನ್ನ ನನ್ನ ಹಳೇ .357ರಲ್ಲೇ ಹೊಡೆದು ಮುಗಿಸಿದೆ. ಒಂದು ಕೇಸೂ ಉಬ್ಬಲಿಲ್ಲ, ತೂತುಗಳ ಗುಂಪು ಅಂಗೈಯಷ್ಟಗಲದೊಳಗೆ. ಆಮೇಲೆ ಚೇಂಬರಿಗೆ ಬ್ರಶ್ ಹಾಕಿ ಉಜ್ಜಿದೆ, ಮಸಿ ಹೋಯ್ತು. ಈ ಗನ್ನನ್ನೇ ಎಕ್ಸ್‌ಚೇಂಜ್ ಕೊಡಿ ಅಂದಿದ್ದ ಕಳ್ಳ.