ನನ್ನ ಸೆಷನ್‌ನಲ್ಲಿ ಈ ಟೆಂಪ್ ಟೇಬಲ್ ಇದೆಯಾ? ಪೋಸ್ಟ್‌ಗ್ರೆಸ್‌ನಲ್ಲಿ ಕೇಳಿ ನೋಡಿದ ದಾರಿಗಳು

ಕೋಲಾರದ ಟೊಮೆಟೊ ಮಂಡಿಯೊಂದರ ಲೆಕ್ಕದ ಸಾಫ್ಟ್‌ವೇರ್ ನಾನು ನೋಡಿಕೊಳ್ಳುತ್ತೇನೆ. ಹರಾಜು ಮುಗಿದ ಕೂಡಲೇ ಯಾವ ರೈತರ ಎಷ್ಟು ಬಾಕ್ಸ್ ಯಾವ ರೇಟಿಗೆ ಹೋಯಿತು ಅಂತ ಪಟ್ಟಿ ಬೇಕು. ಅದನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ‘ದಿನದ_ಬಾಕ್ಸ್’ ಅನ್ನೋ ಟೆಂಪ್ ಟೇಬಲ್‌ನಲ್ಲಿ ಕೂಡಿಸುತ್ತೇನೆ. ಟೆಂಪ್ ಟೇಬಲ್ ಅಂದರೆ ಒಂದು ಸೆಷನ್‌ಗೆ (ಡೇಟಾಬೇಸಿನ ಜೊತೆಗಿನ ಒಂದು ಸಂಪರ್ಕಕ್ಕೆ) ಮಾತ್ರ ಸೇರಿದ ತಾತ್ಕಾಲಿಕ ಟೇಬಲ್. ತೆರೆದ ಸಂಪರ್ಕಗಳನ್ನೇ ಮತ್ತೆ ಮತ್ತೆ ಬಳಸುವ ಕನೆಕ್ಷನ್ ಪೂಲ್ ಇರುವುದರಿಂದ ಹಳೇ ಸೆಷನ್ನೇ ಮತ್ತೆ ಸಿಗಬಹುದು, ಟೇಬಲ್ ಅಲ್ಲೇ ಉಳಿದಿರಬಹುದು. ಹಾಗಾಗಿ ಮೊದಲು ಕೇಳಲೇಬೇಕು.

ಸುಮ್ನೆ ಸೆಲೆಕ್ಟ್ ಮಾಡಿ, ಎರರ್ ಬಂದರೆ ಇಲ್ಲ ಅಂದುಕೊಳ್ಳಬಹುದು ಅಲ್ವಾ? ಟ್ರಾನ್ಸಾಕ್ಷನ್ (ಒಟ್ಟಿಗೇ ಆಗಬೇಕಾದ ಕ್ವೆರಿಗಳ ಗುಂಪು) ಒಳಗೆ ಬೇಡ. ಒಂದು ಎರರ್ ಬಿದ್ದರೆ ರೋಲ್‌ಬ್ಯಾಕ್ ಆಗುವ (ಮಾಡಿದ್ದನ್ನು ರದ್ದು ಮಾಡುವ) ತನಕ ಮುಂದಿನ ಯಾವ ಕ್ವೆರಿಯೂ ಓಡುವುದಿಲ್ಲ. ಎರರ್ ಬಂದರೆ ಅಲ್ಲಿಗೆ ಮಾತ್ರ ಹಿಂದಿರುಗಲು ಸೇವ್‌ಪಾಯಿಂಟ್ ಹಾಕಬಹುದು, ಆದರೆ ಇಷ್ಟು ಸಣ್ಣ ಪ್ರಶ್ನೆಗೆ ಅದು ಜಾಸ್ತಿಯಾಯಿತು.

ಟೇಬಲ್‌ಗಳ ಹೆಸರಿರುವ ಪಿಜಿ_ಕ್ಲಾಸ್ ಅನ್ನೋ ಪೋಸ್ಟ್‌ಗ್ರೆಸ್‌ನದೇ ಪಟ್ಟಿಯಲ್ಲಿ ಹೆಸರು ಹುಡುಕುವವರು ಬಹಳ ಮಂದಿ. ಪಿಎಸ್‌ಕ್ಯೂಎಲ್ (ಕ್ವೆರಿ ಟೈಪ್ ಮಾಡುವ ಪೋಸ್ಟ್‌ಗ್ರೆಸ್ ಪ್ರೋಗ್ರಾಂ) ವಿಂಡೋ ಎರಡನ್ನು ಅಕ್ಕಪಕ್ಕ ತೆರೆದು ನೋಡಿ. ಎಡಗಡೆ ಟೆಂಪ್ ಟೇಬಲ್ ಮಾಡಿದೆ, ಬಲಗಡೆ ಕೇಳಿದೆ: ‘ದಿನದ_ಬಾಕ್ಸ್’ ಅಂತ ಒಂದು ಸಾಲು ಬಂತು! ಅದೇ ಬಲಗಡೆ ಸೆಲೆಕ್ಟ್ ಮಾಡಿದರೆ ಅಂಥ ಟೇಬಲ್ಲೇ ಇಲ್ಲ ಅನ್ನುತ್ತದೆ. ಪಿಜಿ_ಕ್ಲಾಸ್ ಇಡೀ ಡೇಟಾಬೇಸಿನ ಪಟ್ಟಿ, ಬೇರೆಯವರ ಸೆಷನ್‌ನ ಟೆಂಪ್ ಟೇಬಲ್‌ಗಳೂ ಅದರಲ್ಲಿರುತ್ತವೆ. ಒಬ್ಬರೇ ಕೂತು ಟೆಸ್ಟ್ ಮಾಡುವಾಗ ಇದು ಗೊತ್ತೇ ಆಗುವುದಿಲ್ಲ. ನಮ್ಮ ಸೆಷನ್‌ನ ಟೆಂಪ್ ಟೇಬಲ್‌ಗಳು ಇರುವ ಸ್ಕೀಮಾ (ಟೇಬಲ್‌ಗಳ ಗುಂಪು) ಯಾವುದು ಅಂತ ಹೇಳುವ ಪಿಜಿ_ಮೈ_ಟೆಂಪ್_ಸ್ಕೀಮಾ ಫಂಕ್ಷನ್‌ನಿಂದ ಫಿಲ್ಟರ್ ಮಾಡಿದರೆ ಸರಿಹೋಗುತ್ತದೆ.

ಟೇಬಲ್‌ಗಳ ಇನ್ನೊಂದು ಪಟ್ಟಿ ಇರುವ ಇನ್ಫರ್ಮೇಷನ್_ಸ್ಕೀಮಾ ಬೇರೆ ಸೆಷನ್‌ನವನ್ನು ತಾನೇ ಬಿಟ್ಟುಬಿಡುತ್ತದೆ. ಟೇಬಲ್ ಟೈಪ್ ‘ಲೋಕಲ್ ಟೆಂಪರರಿ’ ಅಂತ ಇದೆಯಾ ನೋಡಬೇಕು, ಅಷ್ಟೇ. ಕೆಲಸ ಸರಿ, ಕ್ವೆರಿ ಉದ್ದ.

ನನಗೆ ಒಪ್ಪಿದ್ದು ಟು_ರೆಗ್‌ಕ್ಲಾಸ್ ಫಂಕ್ಷನ್. ಪೋಸ್ಟ್‌ಗ್ರೆಸ್ 9.4ರಿಂದ ಇದೆ. ‘ಪಿಜಿ_ಟೆಂಪ್.ದಿನದ_ಬಾಕ್ಸ್’ ಅಂತ ಕೊಟ್ಟರೆ, ಇದ್ದರೆ ಹೆಸರು, ಇಲ್ಲದಿದ್ದರೆ ನಲ್ (ಖಾಲಿ ಉತ್ತರ). ಎರರ್ ಇಲ್ಲ, ಟ್ರಾನ್ಸಾಕ್ಷನ್‌ಗೂ ಏನೂ ಆಗುವುದಿಲ್ಲ. ಅದೇ ಬಲಗಡೆ ವಿಂಡೋದಲ್ಲಿ ಕೇಳಿದಾಗ ಖಾಲಿ ಸಾಲು ಬಂತು, ಬರಬೇಕಾದದ್ದೇ ಅದು. ಹೆಸರಿಗೆ ಮೊದಲು ಬರುವ ‘ಪಿಜಿ_ಟೆಂಪ್’ (ನನ್ನ ಸೆಷನ್‌ನ ಟೆಂಪ್ ಸ್ಕೀಮಾ ಅಂತ ಅರ್ಥ) ಮಾತ್ರ ಬಿಡಬೇಡಿ. ಬಿಟ್ಟರೆ ಅದೇ ಹೆಸರಿನ ಕಾಯಂ ಟೇಬಲ್ ಸಿಕ್ಕರೂ ಇದೆ ಅಂತಲೇ ಉತ್ತರ.

‘ಕ್ರಿಯೇಟ್ ಟೆಂಪ್ ಟೇಬಲ್ ಇಫ್ ನಾಟ್ ಎಕ್ಸಿಸ್ಟ್ಸ್’ (ಇಲ್ಲದಿದ್ದರೆ ಮಾತ್ರ ಹೊಸದು ಮಾಡು) ಸಾಕಲ್ವಾ ಅಂತ ಕೇಳುವವರಿದ್ದಾರೆ. ಹಳೇ ಟೇಬಲ್ ಇದ್ದರೆ ಅದರೊಳಗಿನ ಸಾಲುಗಳೂ ಹಾಗೇ ಇರುತ್ತವೆ. ನಿನ್ನೆಯ ಬಾಕ್ಸ್ ಇವತ್ತಿನ ರೈತರ ಲೆಕ್ಕಕ್ಕೆ ಸೇರಿದರೆ ಯಾರು ಒಪ್ಪುತ್ತಾರೆ? ಅದಕ್ಕೇ ಟೇಬಲ್ ಇದೆ ಅಂತ ಉತ್ತರ ಬಂದರೆ ಟ್ರಂಕೇಟ್ (ಸಾಲುಗಳನ್ನೆಲ್ಲ ಖಾಲಿ) ಮಾಡುತ್ತೇನೆ, ನಲ್ ಬಂದರೆ ಹೊಸದು ಮಾಡುತ್ತೇನೆ. ಟೇಬಲ್ಲನ್ನೇ ಅಳಿಸಲು ಡ್ರಾಪ್ ಮಾಡುವವರು ಅಲ್ಲೂ ‘ಪಿಜಿ_ಟೆಂಪ್’ ಸೇರಿಸಿ ಬರೆಯಿರಿ. ಬರೀ ಹೆಸರು ಕೊಟ್ಟು, ಟೆಂಪ್ ಟೇಬಲ್ ಇಲ್ಲದೆ ಹೋದರೆ, ಅದೇ ಹೆಸರಿನ ಕಾಯಂ ಟೇಬಲ್ ಅಳಿಸಿಹೋಗುತ್ತದೆ.